ಅಡ್ಡಿಯಿಲ್ಲ ಅನ್ನುತ್ತಿದ್ದ ಮಾಸ್ತರು

ಅವರ ಬಲಗೈ ತೋರುಬೆರಳಿಗೆ ಅರ್ಧವೇ ಉಗುರು. ಚಿಕ್ಕಂದಿನಲ್ಲಿ ಕುರಿಯ ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ಉಳಿದರ್ಧ ಹೋಯಿತಂತೆ. ಕಾರಿನಲ್ಲಿ ಹೋಗುವಾಗ ಎದುರಿಗೆ ಯಾರೇ ಬರಲಿ, ಗುರುತಿರಲಿ ಬಿಡಲಿ, ಸ್ಟಿಯರಿಂಗ್ ಮೇಲಿಂದ ಆ ಒಂದು ಬೆರಳು ಮಾತ್ರ ಮೇಲೇಳುತ್ತಿತ್ತು. ಕೈ ಬೀಸುವುದಿಲ್ಲ, ನಗುವುದಿಲ್ಲ, ತಲೆಯನ್ನೂ ಅಲ್ಲಾಡಿಸುವುದಿಲ್ಲ. ಸಿಯಾಟಲ್ ಹತ್ತಿರದ ಇಸ್ಸಾಕ್ವಾದ ನಮ್ಮ ಗುಡ್ಡದ ಬೀದಿಯಲ್ಲಿ ಉಳಿದವರೆಲ್ಲ ನಾಯಿ ಹಿಡಿದುಕೊಂಡು ಹೋಗುತ್ತ, ಬತ್ತೀಸೂ ಹಲ್ಲು ತೋರಿಸಿ, ಇಡೀ ತೋಳು ಬೀಸುವವರು. ಹೊಸದಾಗಿ ಬಂದಿದ್ದ ನಾನು ಆ ಬೆರಳು ನೋಡಿ, ಈ ಮುದುಕನಿಗೆ ನಮ್ಮನ್ನು ಕಂಡರೆ ಆಗುವುದಿಲ್ಲ ಎಂದೇ ತಿಳಿದಿದ್ದೆ. ಅದು ಅವರ ಊರ ಕಡೆಯ ನಮಸ್ಕಾರ ಎಂದು ಗೊತ್ತಾಗಲು ಒಂದು ಇಡೀ ಚಳಿಗಾಲ ಹಿಡಿಯಿತು.

ಅವರು ನಮ್ಮ ಎದುರುಮನೆಯವರು. ಆಸ್ಟ್ರೇಲಿಯಾದ ಒಳನಾಡಿನ, ಜನಕ್ಕಿಂತ ಕುರಿಗಳೇ ಹೆಚ್ಚಿರುವ ಒಂದು ಊರಿನವರು. ವಿಮಾನ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರ್ ಆಗಿ ಸಿಯಾಟಲ್ ಕಡೆಗೆ ಬಂದು, ಇಲ್ಲಿಯವಳನ್ನೇ ಮದುವೆಯಾಗಿ, ಇಲ್ಲಿಯೇ ನಿಂತವರು. ನಾವು ಬರುವ ಹೊತ್ತಿಗೆ ಹೆಂಡತಿ ತೀರಿಕೊಂಡಿದ್ದರು, ಇವರು ನಿವೃತ್ತರಾಗಿದ್ದರು. ಮಕ್ಕಳಿರಲಿಲ್ಲ. ನವೆಂಬರಿನ ಜಿಟಿಜಿಟಿಯಲ್ಲೂ ಮೊಳಕಾಲು ಕಾಣುವ ಚಡ್ಡಿ, ಸೂರ್ಯನೇ ಕಾಣದ ದಿನವೂ ಮೂಗಿಗೆ ಬಿಸಿಲು ತಡೆಯುವ ಬಿಳಿ ಮುಲಾಮು, ತಲೆಗೆ ಅಗಲ ಅಂಚಿನ ಹಳೆಯ ಹ್ಯಾಟು. ಥೇಟ್ ಯಾರೋ ಹೊಲದಿಂದ ಎದ್ದು ಬಂದಂತೆ ಇರುತ್ತಿದ್ದರು.

ಹೆಸರು ಹಿಡಿದು ಕರಿ ಎಂದು ಎಷ್ಟೋ ಸಲ ಹೇಳಿದರು. ತಂದೆಯ ವಯಸ್ಸಿನವರನ್ನು ಹೆಸರು ಹಿಡಿದು ಕರೆಯುವ ನಾಲಿಗೆ ನನಗಿಲ್ಲ. ಗದಗಿನಲ್ಲಿ ಕಲಿಸಿದವರು ಯಾರೇ ಆದರೂ ಮಾಸ್ತರು. ಹಾಗಾಗಿ ಇವರೂ ಮಾಸ್ತರೇ ಆದರು. ಅವರ ಇಂಗ್ಲಿಷು ಮೂಗಿನಲ್ಲಿ ಹುಟ್ಟಿ, ತುಟಿಯವರೆಗೆ ಬರುವಷ್ಟರಲ್ಲಿ ಅರ್ಧ ಸವೆದುಹೋಗುತ್ತಿತ್ತು. ಆದರೆ ಆ ಒಣ ಮಾತಿನ ಧಾಟಿ ಮಾತ್ರ ನಮ್ಮ ಕಡೆಯ ಕಟ್ಟೆಯ ಮೇಲೆ ಕೂತ ಹಿರಿಯರದ್ದೇ. ಅದು ನನ್ನ ತಲೆಯೊಳಗೆ ಇಳಿಯುತ್ತಿದ್ದದ್ದೇ ಗದಗಿನ ಕನ್ನಡವಾಗಿ. ನೆನಪಿನಲ್ಲಿ ಉಳಿದದ್ದೂ ಹಾಗೆಯೇ, ಇಲ್ಲಿ ಬರೆಯುವುದೂ ಹಾಗೆಯೇ.

ಅವರು ನನಗೆ ಕಲಿಸಿದ್ದು ಕಾರು ಓಡಿಸುವುದನ್ನು. ಎರಡು ಸಾವಿರದ ದಶಕದ ಮೊದಲ ವರ್ಷಗಳು ಅವು. ನಮ್ಮವರು ಬೆಳಿಗ್ಗೆ ಕಾರು ತೆಗೆದುಕೊಂಡು ಡೌನ್‌ಟೌನ್ ಬೆಲ್ವ್ಯೂದ ಆಫೀಸಿಗೆ ಹೋದರೆ ನಾನು ಗುಡ್ಡದ ಮೇಲೆ ಕೈದಿ. ಕೆಲಸ ಮಾಡಲು ನನ್ನ ವೀಸಾದಲ್ಲಿ ಅನುಮತಿಯಿಲ್ಲ, ಒಂದು ಕಟ್ಟು ಕೊತ್ತಂಬರಿಗೂ ಗಂಡನ ದಾರಿ ಕಾಯಬೇಕು. ಕಾರು ಕಲಿಸಿ ಎಂದು ಮೊದಲು ಗಂಡನಿಗೇ ದುಂಬಾಲು ಬಿದ್ದೆ. ಗಂಡನಿಂದ ಕಾರು ಕಲಿತರೆ ಕಾರಾದರೂ ಉಳಿಯುತ್ತದೆ, ಸಂಸಾರವಾದರೂ ಉಳಿಯುತ್ತದೆ, ಎರಡೂ ಉಳಿಯುವುದಿಲ್ಲ. ಮೂರನೇ ಭಾನುವಾರ ಬೀದಿಯ ನಡುವೆ ಕಾರು ನಿಲ್ಲಿಸಿ ನಾವಿಬ್ಬರೂ ಕನ್ನಡದಲ್ಲಿ ಜಗಳಕ್ಕೆ ಬಿದ್ದಿದ್ದಾಗ ಎದುರುಮನೆಯವರು ಹೂಗಿಡಕ್ಕೆ ನೀರು ಬಿಡುತ್ತಿದ್ದರು. ಪೈಪು ಕೆಳಗಿಟ್ಟು ಬಂದು, ನಾಳೆಯಿಂದ ನಾನು ಕಲಿಸಲೇ ಎಂದು ಕೇಳಿದರು. ನಮ್ಮವರ ಮುಖದಲ್ಲಿ ಅಂಥ ಸಂತೋಷವನ್ನು ಮದುವೆಯ ದಿನವೂ ನಾನು ಕಂಡಿರಲಿಲ್ಲ.

ಮರುದಿನ ನಾನು ಸೀದಾ ಹೋಗಿ ಅವರ ಕಾರಿನ ಬಲಬಾಗಿಲು ತೆಗೆದು ಕೂತೆ. ಅವರು ಸೀದಾ ಹೋಗಿ ಎಡಬಾಗಿಲು ತೆಗೆದು ಕೂತರು. ನೋಡಿದರೆ ಸ್ಟಿಯರಿಂಗು ಅವರ ಮುಂದಿದೆ! ನಮ್ಮ ದೇಶದಲ್ಲೂ ಅವರ ದೇಶದಲ್ಲೂ ಓಡಿಸುವವರು ಕೂರುವುದು ಬಲಕ್ಕೆ, ಜೊತೆಗಿರುವವರು ಎಡಕ್ಕೆ. ಅಮೆರಿಕದಲ್ಲಿ ಎಲ್ಲ ತಿರುಗುಮುರುಗು. ಅವರು ಇಲ್ಲಿಗೆ ಬಂದು ನನ್ನ ವಯಸ್ಸಿನಷ್ಟು ಕಾಲವಾಗಿತ್ತು, ಆದರೂ ಕಾಲು ತಾನಾಗಿ ಹಳೆಯ ಬಾಗಿಲಿಗೇ ಹೋಗಿತ್ತು. ಸ್ಟಿಯರಿಂಗನ್ನೇ ಸ್ವಲ್ಪ ಹೊತ್ತು ನೋಡಿ ಅವರು ಹೇಳಿದರು: “ಯಾರೂ ನೋಡಿಲ್ಲ ಬಿಡು.” ಇಬ್ಬರೂ ಇಳಿದು, ಕಾರನ್ನು ಸುತ್ತಿ ಬಂದು, ಅದಲುಬದಲಾಗಿ ಕೂತೆವು. ಆಮೇಲೂ ಎಷ್ಟೋ ಸಲ ಹೀಗಾಯಿತು. ಪ್ರತಿ ಸಲವೂ ಅದೇ ಮಾತು.

ಅವರ ಬಾಯಿಂದ ಹೊಗಳಿಕೆ ಹೊರಡುತ್ತಿರಲಿಲ್ಲ. ಇದು ಅಮೆರಿಕ, ಇಲ್ಲಿ ಕೂಸು ಜಾರುಬಂಡಿಯಿಂದ ಇಳಿದರೂ ಆಸಮ್, ಗ್ರೇಟ್ ಜಾಬ್ ಎನ್ನುತ್ತಾರೆ. ನಾನೋ ಹೊಗಳಿಸಿಕೊಳ್ಳುವ ಚಟದವಳು, ಮಾಡಿದ ಒಗ್ಗರಣೆಗೂ ನಾಲ್ಕು ಜನರ ಶಿಫಾರಸು ಬೇಕು. ಎರಡು ಕಾರುಗಳ ನಡುವಿನ ಸಂದಿಯಲ್ಲಿ ಮೊದಲ ಸಲ ಕಾರು ನಿಲ್ಲಿಸಿದ ದಿನ, ಬೆವರು ಒರೆಸಿಕೊಂಡು ಅವರ ಮುಖ ನೋಡಿದೆ. ಅವರು ಕಿಟಕಿಯಿಂದ ಬಗ್ಗಿ ಗಾಲಿ ನೋಡಿದರು, ಫುಟ್‌ಪಾತ್ ನೋಡಿದರು, ಆಮೇಲೆ “ಅಡ್ಡಿಯಿಲ್ಲ” ಎಂದರು.

“ಅಷ್ಟೇನಾ ಮಾಸ್ತರ?”

“ಮತ್ತೇನು ಮಹಾರಾಣಿ? ಬ್ಯಾಂಡ್ ತರಸಲೇನು?”

ಅವರ ನಿಘಂಟಿನಲ್ಲಿ ಅದಕ್ಕಿಂತ ಮೇಲಿನ ಪದವಿಲ್ಲ ಎಂದು ಆಮೇಲೆ ತಿಳಿಯಿತು. ಒಳ್ಳೆಯ ಊಟ, ಹೊಸ ಕಾರು, ಮಂಜು ಸರಿದು ಒಮ್ಮೆಲೇ ಎದ್ದು ನಿಲ್ಲುವ ರೇನಿಯರ್ ಪರ್ವತ, ತೀರಿಕೊಂಡ ಹೆಂಡತಿ, ಎಲ್ಲಕ್ಕೂ ಅದೇ ಅಡ್ಡಿಯಿಲ್ಲ. ಲೈಸೆನ್ಸ್ ಪರೀಕ್ಷೆ ಪಾಸಾದ ದಿನ ನಾನು ಗದಗಿಗೆ ಫೋನು ಮಾಡಿ, ಅವ್ವನಿಂದ ಹಿಡಿದು ಮೂಲಿಮನಿ ಕಾಕೂತನಕ ಎಲ್ಲರಿಗೂ ಸುದ್ದಿ ಕೊಟ್ಟಿದ್ದೆ. ಮಾಸ್ತರು ಹೇಳಿದ್ದು ಇಷ್ಟು: “ಅಡ್ಡಿಯಿಲ್ಲ. ಬಲಕ್ಕ ತಿರುಗೂವಾಗ ಇನ್ನಷ್ಟು ಹಿಂದ ನೋಡಬೇಕು. ಸೈಕಲ್ಲಿನಾಂವಗೂ ಹೆಂಡ್ರು ಮಕ್ಕಳಿರ್ತಾರ.”

ನಮ್ಮವರಿಗೆ ಆಫೀಸಿನಲ್ಲಿ ದೊಡ್ಡ ಬಡ್ತಿ ಬಂದಾಗ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡು, ಟೋಟೆಮ್ ಲೇಕ್ ಕಡೆಯ ಗೆಳೆಯರನ್ನೆಲ್ಲ ಕರೆದಿದ್ದೆವು. ಮಾಸ್ತರೂ ಬಂದು, ಚಡ್ಡಿಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಪ್ರಸಾದದ ಸಪಾದ ತಿಂದರು. ನಾನು ಗಂಡನ ಹೊಸ ಹುದ್ದೆಯ ಹೆಸರನ್ನು ಒತ್ತಿ ಒತ್ತಿ ಎರಡು ಸಲ ಹೇಳಿದೆ. ಮಾಸ್ತರು ಗಂಭೀರವಾಗಿ ಕೇಳಿದರು: “ಹಂಗಾದ್ರ ಇನ್ನ ಮ್ಯಾಲೆ ಕಸದ ಡಬ್ಬಿ ಯಾರು ಹೊರಗ ಇಡಾವರು?” ಗೆಳೆಯರೆಲ್ಲ ಹೋ ಎಂದು ನಕ್ಕರು. ನಮ್ಮವರ ಮುಖ ಇಂಗು ತಿಂದ ಮಂಗನಂತಾಯಿತು. ಆ ರಾತ್ರಿ, “ಏನ್ ಮನಷಾ ಅಂವ? ಒಂದು ಚಲೋ ಮಾತು ಆಡಾಕ ಗಂಟು ಹೋಗತಿತ್ತೇನು?” ಎಂದು ಗೊಣಗಿದರು. ಆದರೆ ಮುಂದಿನ ಕಸದ ದಿನ, ವಾರಕ್ಕೊಮ್ಮೆ ಕಸದ ಲಾರಿ ಬರುವ ದಿನ, ಬೆಳಿಗ್ಗೆ ಎದ್ದು ನೋಡಿದರೆ, ನಮ್ಮ ಡಬ್ಬಿಯನ್ನೂ ಮಾಸ್ತರೇ ರಸ್ತೆಯಂಚಿಗೆ ತಳ್ಳಿಟ್ಟಿದ್ದರು. ಸಂಜೆ ಒಳಗಿಟ್ಟವರೂ ಅವರೇ. ಅದೇ ಅವರ ಅಭಿನಂದನೆ. ಆಮೇಲೆ ಪ್ರತಿ ವಾರ ಹಾಗೆಯೇ ನಡೆಯಿತು, ಯಾರೂ ಅದರ ಬಗ್ಗೆ ಮಾತಾಡಲಿಲ್ಲ.

ಒಮ್ಮೆ ನಾನು ಕೇಳಿಯೇಬಿಟ್ಟೆ, ನಿಮ್ಮ ಊರಲ್ಲಿ ಯಾರನ್ನೂ ಹೊಗಳುವುದೇ ಇಲ್ಲವೇ ಎಂದು. “ಹೊಲದಾಗ ಒಂದು ಗಿಡ ಉಳಿದವಕ್ಕಿಂತ ಎತ್ತರ ಬೆಳೀತಂದ್ರ, ನಮ್ಮ ಮಂದಿ ಕುಡುಗೋಲು ತಗೊಂಡ ಬರ್ತಾರ” ಎಂದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂಬ ನಮ್ಮ ಗಾದೆಯನ್ನು ಅವರಿಗೆ ಬಿಡಿಸಿ ಹೇಳಿದೆ. ಸ್ಟಾಪ್ ಸೈನಿನಲ್ಲಿ ಕಾರು ನಿಂತಿತ್ತು. ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡು, ಹಿಂದಿನವರು ಹಾರ್ನು ಹೊಡೆಯುವವರೆಗೂ ನಕ್ಕರು. “ಹಂಗಾದ್ರ ನಿಮ್ಮಲ್ಲೂ ಕುಡುಗೋಲು ಐತಿ” ಎಂದರು. ಇದೆ, ಆದರೆ ನಮ್ಮದು ಬೇರೆ ಲೆಕ್ಕ: ಹಿಂದೆ ಕುಡುಗೋಲು ಮಸೆಯುತ್ತೇವೆ, ಮುಂದೆ ಶಾಲು ಹೊದಿಸುತ್ತೇವೆ ಎಂದೆ. ಶಾಲು ಎಂದರೇನು ಎಂದು ಅವರು ಕೇಳಲಿಲ್ಲ. ಮುಂದೆ ಗೊತ್ತಾಯಿತು, ಪಾಪ.

ಆ ದಿನವೇ ಇನ್ನೊಂದು ಮಾತು ಹೇಳಿದ್ದರು. ಹೈಸ್ಕೂಲಿನಲ್ಲಿ ಇಡೀ ಜಿಲ್ಲೆಗೇ ಮೊದಲಿಗರಾಗಿ ಬಂದು, ಆ ಕಾಗದ ಹಿಡಿದು ಮನೆಗೆ ಓಡಿದ್ದರಂತೆ. ಅಪ್ಪ ಓದಿ, ಮಡಚಿ, ವಾಪಸು ಕೊಟ್ಟು, “ಹೋಗಿ ಕೋಳಿಗೆ ನೀರಿಡು” ಎಂದರಂತೆ. ಇದನ್ನು ಹೇಳಿ ಮಾಸ್ತರು ನಕ್ಕರು. ನಾನು ನಗಲಿಲ್ಲ. “ನಿಮಗ ಕೆಟ್ಟ ಅನಸಲಿಲ್ಲೇನ್ರಿ?” ಎಂದೆ. ಅವರು ರಸ್ತೆ ನೋಡುತ್ತ, “ಕೋಳಿಗೆ ನೀರಡಿಕಿ ಆಗಿತ್ತು” ಎಂದರು.

ನನ್ನ ಲೈಸೆನ್ಸಿನ ಸುದ್ದಿ ನಮ್ಮ ಹೆಂಗಸರಲ್ಲಿ ಹರಡಿತು. ಒಬ್ಬೊಬ್ಬರಾಗಿ ಬಂದರು. ಬಿಜಾಪುರದವಳು, ಉಡುಪಿಯವಳು, ಮಂಗಳೂರಿನ ಕ್ರೈಸ್ತರ ಮನೆಯ ಸೊಸೆ, ಎಲ್ಲರಿಗೂ ಮಾಸ್ತರೇ ಮಾಸ್ತರು. ದುಡ್ಡು ಎಂದರೆ ಮುಖ ಕೆಂಪಾಗುತ್ತಿತ್ತು, ಕೋಡುಬಳೆ ಎಂದರೆ ಡಬ್ಬಿ ಸಮೇತ ಒಳಗಿಟ್ಟುಕೊಳ್ಳುತ್ತಿದ್ದರು. ಕೆಲವು ವರ್ಷಗಳಲ್ಲಿ ಈಸ್ಟ್‌ಸೈಡ್ ಎನ್ನುವ ನಮ್ಮ ಕಡೆಯ ಊರುಗಳ ಅರ್ಧ ಕನ್ನಡತಿಯರು ಎದುರಿನ ಕಾರಿಗೆ ಒಂದು ಬೆರಳು ಎತ್ತುವುದನ್ನು ಕಲಿತಿದ್ದರು.

ಇಷ್ಟಾದ ಮೇಲೆ ನಮ್ಮ ಕನ್ನಡ ಸಂಘ ಸುಮ್ಮನಿರುತ್ತದೆಯೇ? ರಾಜ್ಯೋತ್ಸವದ ದಿನ ಸನ್ಮಾನ ಎಂದು ಠರಾವಾಯಿತು. ಹೇಳಿದರೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಊಟಕ್ಕೆ ಬನ್ನಿ ಎಂದಷ್ಟೇ ಹೇಳಿ, ಕರ್ಕ್‌ಲ್ಯಾಂಡಿನ ಶಾಲೆಯೊಂದರ ಸಭಾಂಗಣಕ್ಕೆ ಕರೆದುಕೊಂಡು ಹೋದೆವು. ನನ್ನ ಪಕ್ಕದಲ್ಲಿ ಕೂತು ಮಕ್ಕಳ ಕೋಲಾಟ ನೋಡುತ್ತಿದ್ದರು. ಅಧ್ಯಕ್ಷರು ಮೈಕು ಹಿಡಿದು ಶುರುಮಾಡಿದರು: ಮಹಾನ್ ಚೇತನ, ನಿಸ್ವಾರ್ಥ ಸೇವಾಮೂರ್ತಿ, ಮಹಿಳೆಯರ ಬಾಳಿಗೆ ವೇಗವನ್ನೂ ದಿಕ್ಕನ್ನೂ ಕೊಟ್ಟ ಧೀಮಂತ, ಹೀಗೆ ಮುಗಿಯುವ ಲಕ್ಷಣವೇ ಇಲ್ಲ. ಮಾಸ್ತರು ನನ್ನ ಕಡೆ ಬಾಗಿ ಪಿಸುಗುಟ್ಟಿದರು: “ಯಾರ ಸಲುವಾಗಿ ಮಾತಾಡಾಕತ್ತಾನ?” ನಾನು ಇಂಗ್ಲಿಷಿನಲ್ಲಿ ಅಷ್ಟಿಷ್ಟು ಹೇಳಿದೆ. “ಅಯ್ಯೋ ಪಾಪ” ಎಂದರು, “ಯಾವಾಗ ತೀರಕೊಂಡಾ?”

ನೀವೇ ಎಂದು ಹೇಳುವಷ್ಟರಲ್ಲಿ ಇಬ್ಬರು ಬಂದು ತೋಳು ಹಿಡಿದು ವೇದಿಕೆಗೆ ಕರೆದೊಯ್ದರು. ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ತಟ್ಟೆ. ಮಾಸ್ತರ ಮುಖ ಸುಣ್ಣದಂತೆ ಬಿಳುಚಿತು. ಹಣೆಯ ಮೇಲೆ ಬೆವರು ಮೂಡಿತು. ಬಲಗೈಯಿಂದ ಎಡತೋಳನ್ನು ಹಿಡಿದುಕೊಂಡು ಕುರ್ಚಿಯ ಅಂಚಿನಲ್ಲಿ ಕೂತರು. “ಎಷ್ಟು ನಾಚಿಕೊಳ್ತಾರೆ ನೋಡ್ರೀ, ಪಾಪ!” ಎಂದು ಹಿಂದಿನ ಸಾಲಿನವರು ನಕ್ಕರು. ನಾನೂ ನಕ್ಕೆ. ಮೈಕು ಕೈಗೆ ಬಂದಾಗ ಅವರು ಪೇಟ ತೆಗೆದು ಅಧ್ಯಕ್ಷರ ತಲೆಗೇ ಇಟ್ಟರು. “ಇಂವಗ ಚಂದ ಕಾಣಸ್ತದ” ಎಂದರು. “ಈ ಹೆಣ್ಮಕ್ಕಳು ಕಲಿತದ್ದು ನನ್ನಿಂದ ಅಲ್ಲ. ನಾ ಬಾಜೂಕ ಕುಂತು ಹೆದರತಿದ್ದೆ, ನನ್ನ ಮಾರಿ ನೋಡಿ ಅವರು ಬ್ರೇಕ್ ಹಾಕತಿದ್ರು. ಅಷ್ಟ.” ಹಣ್ಣನ್ನೆಲ್ಲ ಕೋಲಾಟದ ಮಕ್ಕಳಿಗೆ ಹಂಚಿ ಕೆಳಗಿಳಿದರು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು, ಅದಕ್ಕೆ ಅವರು ಇನ್ನಷ್ಟು ಬೇಗ ನಡೆದರು.

ವಾಪಸು ಬರುವಾಗ ಕಾರಿನಲ್ಲಿ, “ಇನ್ನೊಮ್ಮೆ ಹಿಂಗ ಮಾಡಿದ್ರ ನಾ ಮನಿ ಮಾರಿ ಹೋಗತೇನಿ” ಎಂದರು. ಕೈ ಇನ್ನೂ ಎಡಭುಜವನ್ನು ಉಜ್ಜುತ್ತಿತ್ತು. ಏನಾಯಿತು ಎಂದು ಕೇಳಿದೆ. “ಆ ಟೊಪಗಿ ಭಾರ ಇತ್ತು.”

ಭುಜ ಉಜ್ಜುವುದನ್ನು ಚಳಿಗಾಲವಿಡೀ ನೋಡಿದೆ. ಡಬ್ಬಿ ತಳ್ಳಿಕೊಂಡು ಬಂದವರು ನಮ್ಮ ಗ್ಯಾರೇಜಿನ ಮುಂದೆ ನಿಂತು, ಗುಡ್ಡ ನೋಡುವವರಂತೆ ನಟಿಸಿ, ಉಸಿರು ಸುಧಾರಿಸಿಕೊಳ್ಳುತ್ತಿದ್ದರು. ಕೇಳಿದರೆ ಅಡ್ಡಿಯಿಲ್ಲ. ಮುಖದ ಬಣ್ಣ ಯಾಕೆ ಹೀಗಾಗಿದೆ ಎಂದರೆ, ಹುಟ್ಟಿದ್ದೇ ಹೀಗೆ. ಡಾಕ್ಟರರ ಹತ್ತಿರ ಹೋಗೋಣ ಎಂದರೆ, ನಿನ್ನ ಉಪ್ಪಿನಕಾಯಿ ತಿಂದು ಎದೆ ಉರಿ. ನನ್ನ ಅಪ್ಪನೂ ಹಟಮಾರಿ. ಆದರೆ ಅಪ್ಪನ ಮೇಲೆ ಕೂಗಾಡಬಹುದು, ಅವ್ವನಿಂದ ಆಣೆ ಹಾಕಿಸಬಹುದು, ಅಣ್ಣನನ್ನು ಕಳಿಸಬಹುದು. ಇವರ ಮೇಲೆ ನನಗೆ ಯಾವ ಹಕ್ಕಿತ್ತು? ಮಗಳಲ್ಲ, ಸೊಸೆಯಲ್ಲ, ಎದುರುಮನೆಯ ಬಾಯಿಬಡಕಿ.

ಒಂದು ಮಧ್ಯಾಹ್ನ ಅವರ ಮನೆಗೆ ಪಲ್ಯ ಕೊಡಲು ಹೋದರೆ, ಮೆಟ್ಟಿಲ ಮೇಲೆ ಕೂತಿದ್ದಾರೆ. ಹ್ಯಾಟು ಕೆಳಗೆ ಬಿದ್ದಿದೆ, ಎತ್ತಿಕೊಂಡಿಲ್ಲ. “ಏಳ್ರಿ, ದವಾಖಾನಿಗೆ ಹೋಗೂಣು” ಎಂದೆ. “ನಾಳೆ ನೋಡೂಣು” ಎಂದರು. ನಾನು ಅಲ್ಲಿಯೇ, ಅವರ ಅಂಗಳದಲ್ಲೇ, ಗೊಳೋ ಎಂದು ಅತ್ತುಬಿಟ್ಟೆ. ಬೀದಿಯವರು ನೋಡಿಯಾರು ಎಂಬ ನಾಚಿಕೆಗೇ ಅವರು ಎದ್ದು ಬಂದರು. ಕಾಲು ಎಂದಿನಂತೆ ಎಡಬಾಗಿಲಿಗೇ ಹೋಯಿತು. ಬಾಗಿಲು ತೆಗೆದು, ಸ್ಟಿಯರಿಂಗ್ ನೋಡಿ, ಹಾಗೇ ನಿಂತರು. ಈ ಸಲ “ಯಾರೂ ನೋಡಿಲ್ಲ ಬಿಡ್ರಿ” ಎಂದವಳು ನಾನು.

ತುರ್ತು ಚಿಕಿತ್ಸೆಯ ವಿಭಾಗದಲ್ಲಿ ನರ್ಸು ಬಂದು ಏನು ತೊಂದರೆ ಎಂದು ಕೇಳಿದಳು. “ತೊಂದರಿ ಏನಿಲ್ಲ. ಈ ಹೆಣ್ಣಮಗಳ ಸಮಾಧಾನಕ್ಕ ಬಂದೇನಿ” ಎಂದರು ಮಾಸ್ತರು. ನೋವು ಒಂದರಿಂದ ಹತ್ತರವರೆಗೆ ಎಷ್ಟಿದೆ ಎಂದು ಕೇಳಿದಳು. ಸ್ವಲ್ಪ ಯೋಚಿಸಿ, “ಎರಡು” ಎಂದರು. ಪಕ್ಕದ ಕುರ್ಚಿಯಲ್ಲಿ ಕಾಲು ಉಳುಕಿಸಿಕೊಂಡ ಗಟ್ಟಿಮುಟ್ಟಾದ ಆಳೊಬ್ಬ ಹತ್ತು, ಹತ್ತು ಎಂದು ನರಳುತ್ತಿದ್ದ. “ಮೊದಲ ಇಂವನ್ನ ನೋಡ್ರಿ” ಎಂದರು ಮಾಸ್ತರು.

ನಾನು ನಡುವೆ ಬಾಯಿ ಹಾಕಿದೆ. “ಇವರು ಎರಡು ಅಂದ್ರೆ ಎಂಟು ಅಂತ ಬರ್ಕೊಳ್ಳಿ. ಇವರು ಹಾಗೇ. ಇವರ ಊರಲ್ಲಿ ಎಲ್ಲರೂ ಹಾಗೇ” ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಬಡಬಡಿಸಿದೆ. ಎದೆ ಹಿಡಿದುಕೊಳ್ಳುವುದನ್ನೂ, ಉಸಿರು ಸಾಲದಾಗುವುದನ್ನೂ, ಬಿದ್ದ ಹ್ಯಾಟನ್ನೂ ಹೇಳಿದೆ. ಬಿದ್ದ ಹ್ಯಾಟಿನ ಅರ್ಥ ಅವಳಿಗೆ ಹೇಗೆ ಆದೀತು? ಆದರೂ ಎದೆ ಎಂದ ಕೂಡಲೇ ಅಲ್ಲಿನವರು ಚುರುಕಾದರು. ಒಳಗೆ ಕರೆದೊಯ್ದರು, ಎದೆಗೆ ವೈರು ಹಚ್ಚಿದರು, ರಕ್ತ ತೆಗೆದರು. ಚಿಕ್ಕ ವಯಸ್ಸಿನ ಡಾಕ್ಟರು ಬಂದು ಸಮಾಧಾನದಿಂದ ಹೇಳಿದರು: ಮೊದಲ ಪರೀಕ್ಷೆಗಳಲ್ಲಿ ದೊಡ್ಡದೇನೂ ಕಾಣುತ್ತಿಲ್ಲ, ಆದರೆ ನನಗೆ ಇದು ಸರಿ ಅನಿಸುತ್ತಿಲ್ಲ, ಇವತ್ತು ಇಲ್ಲಿಯೇ ಇರಿ, ನಾಳೆ ಇನ್ನೂ ಕೆಲವು ಪರೀಕ್ಷೆ ಮಾಡುತ್ತೇವೆ.

“ಮಂಚ ಖರೇನ ಜಡ್ಡಾದವರಿಗೆ ಬೇಕಾಗ್ತದ” ಎಂದು ಮಾಸ್ತರು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದರು.

ಡಾಕ್ಟರು ಮತ್ತೆ ಹೇಳಿದರು, ಈ ಸಲ ಮುಚ್ಚುಮರೆಯಿಲ್ಲದೆ. ಹೋದರೆ ಅಪಾಯವಿದೆ ಎಂದರು. ನಾನು ಕೈ ಮುಗಿದೆ. “ಮಾಸ್ತರ, ನಿಮ್ಮ ಕಾಲಿಗೆ ಬೀಳತೇನಿ. ಒಂದು ದಿನ ಇರ್ರಿ. ಯಾರಿಗೂ ಹೇಳಾಂಗಿಲ್ಲ, ಯಾರನ್ನೂ ಕರ್ಕೊಂಡು ಬರಾಂಗಿಲ್ಲ, ಹೂವು ತರಾಂಗಿಲ್ಲ.” ಅವರು ನನ್ನ ತಲೆ ತಟ್ಟಿ, “ಇಷ್ಟು ಗದ್ದಲ ಬ್ಯಾಡ ಮಹಾರಾಣಿ. ನಾ ಏನ್ ಅಂಥಾ ದೊಡ್ಡ ಮನಷಾ?” ಎಂದರು. ಡಾಕ್ಟರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಬುದ್ಧಿ ನೆಟ್ಟಗಿರುವ ಮನುಷ್ಯನನ್ನು ಕಟ್ಟಿ ಹಾಕುವ ಅಧಿಕಾರ ಇಬ್ಬರಿಗೂ ಇರಲಿಲ್ಲ.

ಐ-ತೊಂಬತ್ತು ಹೆದ್ದಾರಿಯಲ್ಲಿ ವಾಪಸು ಬರುವಾಗ ಊರಿಗೆ ಇಳಿಯುವ ನಮ್ಮ ಎಕ್ಸಿಟ್ ಬಂತು. ನಾನು ತಿರುಗಲಿಲ್ಲ. ಮನೆಗೆ ತಲುಪಿದರೆ ಮುಗಿಯಿತು, ಬಾಗಿಲು ಹಾಕಿಕೊಳ್ಳುತ್ತಾರೆ. ಕಾರಿನಲ್ಲಿರುವಷ್ಟು ಹೊತ್ತು ನನ್ನ ಕೈಯಲ್ಲಿರುತ್ತಾರೆ ಎಂಬ ಹುಚ್ಚು ಲೆಕ್ಕ. “ಎಕ್ಸಿಟ್ ಹಿಂದ ಹೋತು” ಎಂದರು ಮಾಸ್ತರು. “ಗೊತ್ತೈತ್ರಿ” ಎಂದೆ. ಗುಡ್ಡಗಳು ಎರಡೂ ಕಡೆ ಹತ್ತಿರ ಬಂದವು, ಮರ ಸಾಗಿಸುವ ಲಾರಿಗಳು ನೀರು ಎರಚಿ ಹೋದವು. “ತಿರುಗಿ ದವಾಖಾನಿಗೆ ಹೋಗೂಣೇನ್ರಿ?” ಎಂದು ಕೇಳಿದೆ. ಇನ್ನೊಮ್ಮೆ ಕೇಳಿದೆ. ಪ್ರೆಸ್ಟನ್ ಊರು ದಾಟಿತು. ಸ್ನೋಕ್ವಾಲ್ಮಿಯ ಬೋರ್ಡು ಕಂಡಾಗ, ಮುಂದಿನ ಗಾಜಿನತ್ತಲೇ ನೋಡುತ್ತ ಅವರು ಮೆಲ್ಲಗೆ ಹೇಳಿದರು:

“ನೀ ಭಾಳ ಚಲೋ ಓಡಸ್ತಿ.”

ಇಷ್ಟು ವರ್ಷ ಯಾವ ಮಾತಿಗಾಗಿ ಬಾಯಿ ಬಿಟ್ಟುಕೊಂಡು ಕಾದಿದ್ದೆನೋ ಆ ಮಾತು. ಅಡ್ಡಿಯಿಲ್ಲ ಅಲ್ಲ, ಚಲೋ. ಅದರ ಮೇಲೆ ಭಾಳ. ಎರಡು ಎಂದ ನೋವು ಎಷ್ಟಿದೆ ಎಂದು ಆ ಕ್ಷಣ ನನಗೆ ತಿಳಿಯಿತು. ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಮನೆಗೆ ಹೊರಟಿದ್ದರು. “ಹಂಗ ಅನಬ್ಯಾಡ್ರಿ” ಎಂದೆ. “ವಾಪಸ್ ತಗೋರಿ ಆ ಮಾತು.” ಅವರು ನಕ್ಕರು. ಮುಂದಿನ ಎಕ್ಸಿಟ್ಟಿನಲ್ಲಿ ಕಾರು ತಿರುಗಿಸಿದೆ. ಏನು ಮಾಡಲಿ ಮತ್ತೆ? ಪೆಟ್ರೋಲು ತೀರುವತನಕ ಓಡಿಸಬಹುದಿತ್ತು, ಅಷ್ಟೇ. ಅವರ ಮನೆಯ ಮುಂದೆ ಇಳಿಸಿದೆ. ಇಳಿದು, ಬಾಗಿಲು ಹಾಕಿ, ತೋರುಬೆರಳು ಎತ್ತಿ ಒಳಗೆ ಹೋದರು.

ನಮ್ಮವರು ಆ ರಾತ್ರಿ ಹೋಗಿ ಮಾತಾಡಿಸಿ ಬಂದರು. ಮರುದಿನ ನಾನು ಮೂರು ಸಲ ಹೋದೆ. ಮೂರು ಸಲವೂ ಅಡ್ಡಿಯಿಲ್ಲ. ಅದರ ಮರುದಿನ ಕಸದ ದಿನ. ಬೆಳಿಗ್ಗೆ ಎರಡೂ ಮನೆಯ ಡಬ್ಬಿಗಳು ರಸ್ತೆಯಂಚಿನಲ್ಲಿ ಇದ್ದವು. ಆ ಎದೆ ಹೊತ್ತುಕೊಂಡು ನಮ್ಮ ಡಬ್ಬಿಯನ್ನೂ ತಳ್ಳಿದ್ದರು ಪುಣ್ಯಾತ್ಮ. ಲಾರಿ ಬಂದು ಹೋಯಿತು. ಮಧ್ಯಾಹ್ನವಾದರೂ ಡಬ್ಬಿಗಳು ಅಲ್ಲಿಯೇ ನಿಂತಿದ್ದವು. ಕಿಟಕಿಯಿಂದ ನೋಡಿದವಳು ಒಲೆ ಆರಿಸಿ, ಚಪ್ಪಲಿ ಕೂಡ ಹಾಕದೆ ಓಡಿದೆ. ಬಾಗಿಲು ಬಡಿದೆ. ಹಿತ್ತಿಲ ಕಡೆಯ ಗಾಜಿನಿಂದ ನೋಡಿದರೆ, ಕುರ್ಚಿಯಲ್ಲಿ ಕೂತಿದ್ದರು, ಬೂಟಿನ ಸಮೇತ. ಆಂಬುಲೆನ್ಸಿನವರು ಬಂದು ಮಾಡುವುದೇನೂ ಉಳಿದಿರಲಿಲ್ಲ.

ಆಸ್ಟ್ರೇಲಿಯಾದಿಂದ ಅವರ ತಮ್ಮ ಬಂದರು. ಅದೇ ಮೂಗು, ಅದೇ ಹ್ಯಾಟು. ಇಸ್ಸಾಕ್ವಾದ ಚಿಕ್ಕ ಸಭಾಂಗಣದಲ್ಲಿ ಶ್ರದ್ಧಾಂಜಲಿಗೆ ಜನ ಸೇರಿದರು: ವಿಮಾನ ಕಂಪನಿಯ ಹಳೆಯ ಗೆಳೆಯರು ಒಂದಿಷ್ಟು, ಕಾರು ಕಲಿತ ನಮ್ಮ ಹೆಂಗಸರು ಎರಡು ಸಾಲು. ನನ್ನ ಗಂಡ ಮಾಸ್ತರ ಫೋಟೋಗೆ ಮಲ್ಲಿಗೆಯ ಹಾರ ಹಾಕಿ, ಊದಿನಕಡ್ಡಿ ಹಚ್ಚಿಟ್ಟಿದ್ದರು. ತಮ್ಮ ಅದನ್ನು ನೋಡಿ, “ಇದನ್ನ ಕಂಡಿದ್ರ ಇನ್ನೊಮ್ಮೆ ಸಾಯತಿದ್ದ” ಎಂದರು. ಆಮೇಲೆ ಎದ್ದು ನಿಂತು ಅಣ್ಣನ ಮಾನ ಹರಾಜಿಗಿಟ್ಟರು. ಕುರಿ ಹಿಡಿಯಲು ಬರುತ್ತಿರಲಿಲ್ಲವಂತೆ, ಹಾಡಿದರೆ ನಾಯಿ ಓಡುತ್ತಿತ್ತಂತೆ, ವಿಮಾನ ಕಟ್ಟುವವನಿಗೆ ಕೋಳಿಗೂಡು ಕಟ್ಟಲು ಬಂದಿರಲಿಲ್ಲವಂತೆ. ಒಂದೇ ಒಂದು ಒಳ್ಳೆಯ ಮಾತಿಲ್ಲ. ನಮ್ಮ ಹೆಂಗಸರು ಬಾಯಿಗೆ ಸೆರಗು ಹಿಡಿದು ಕೂತಿದ್ದರು. ಸತ್ತವರ ಬಗ್ಗೆ ಹೀಗೂ ಆಡುತ್ತಾರೆಯೇ?

ಆಮೇಲೆ ನನ್ನ ಸರದಿ. ಎರಡು ರಾತ್ರಿ ಕೂತು ಮಾತು ಜೋಡಿಸಿಕೊಂಡು ಹೋಗಿದ್ದೆ. ಗುರು, ದೇವರಂಥವರು, ತಂದೆಯ ಸಮಾನ, ನಮಗೆ ರೆಕ್ಕೆ ಕೊಟ್ಟವರು. ಎದ್ದು ನಿಂತೆ, ಫೋಟೋ ನೋಡಿದೆ. ಪೇಟ ತೊಟ್ಟು ಬಿಳುಚಿದ್ದ ಮುಖ ನೆನಪಾಯಿತು. ಈಗ ಎದ್ದು ಹೋಗಲಿಕ್ಕೂ ಆಗದವರನ್ನು ಹೊಗಳಲಿ ಹೇಗೆ? ಸಿಟ್ಟೂ ಬಂತು. ಒಂದು ಸಲ, ಒಂದೇ ಒಂದು ಸಲ, ಅಂಥಾ ದೊಡ್ಡ ಮನುಷ್ಯನಾಗಿ ಒಂದು ಮಂಚ ಹಿಡಿದು ಮಲಗಿದ್ದರೆ ಏನು ಗಂಟು ಹೋಗುತ್ತಿತ್ತು? ಕೊನೆಗೆ ಇಂಗ್ಲಿಷಿನಲ್ಲಿ ಹೇಳಿದ್ದು ಎರಡು ಮಾತು: “ಇವರು ನನಗೆ ಕಾರು ಓಡಿಸೋದು ಕಲಿಸಿದರು. ಮನುಷ್ಯ ಅಡ್ಡಿಯಿರಲಿಲ್ಲ.”

ಅಷ್ಟು ಹೊತ್ತು ಎಲ್ಲರನ್ನೂ ನಗಿಸಿದ್ದ ತಮ್ಮ ಹ್ಯಾಟು ತೆಗೆದು ಮುಖ ಮುಚ್ಚಿಕೊಂಡರು. ಹ್ಯಾಟಿನ ಹಿಂದೆ ಅವರ ಭುಜಗಳು ಅಲುಗುತ್ತಿದ್ದವು.

ವಾರದ ಮೇಲೆ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟವಳೂ ನಾನೇ. ನಾನು ಡಿಕ್ಕಿ ಮುಚ್ಚಿ ಬರುವಷ್ಟರಲ್ಲಿ ಅವರು ಎಡಬಾಗಿಲು ತೆಗೆದು, ಸ್ಟಿಯರಿಂಗ್ ನೋಡುತ್ತ ನಿಂತಿದ್ದರು. ಯಾರೂ ನೋಡಿಲ್ಲ ಎನ್ನುವ ಬದಲು ಹೋಗಿ ಬಲಬಾಗಿಲು ತೆಗೆದು ಹಿಡಿದೆ. ನಿಲ್ದಾಣದ ಮುಂದೆ ಇಳಿದು, ಡಿಕ್ಕಿಯಿಂದ ಸೂಟ್‌ಕೇಸು ತಾವೇ ಎತ್ತಿ ಕೆಳಗಿಟ್ಟರು. ಇಟ್ಟವರು ಹಾಗೇ ನಿಂತರು. ವಿಮಾನ ನೋಡುವವರಂತೆ ಆಕಾಶದ ಕಡೆ ನೋಡಿದರು. ಬಲಗೈ ಎಡಭುಜವನ್ನು ಉಜ್ಜುತ್ತಿತ್ತು.

“ಏನಾತ್ರಿ?” ಎಂದೆ. ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿಬಿಟ್ಟಿದ್ದೆ. ಅವರಿಗೆ ಅರ್ಥವಾಯಿತು.

“ಅಡ್ಡಿಯಿಲ್ಲ” ಎಂದರು.

ಊರಿಗೆ ಹೋದ ಕೂಡಲೇ ಡಾಕ್ಟರರಿಗೆ ತೋರಿಸಿ ಎಂದೆ. ಹೂಂ ಎಂದರು. ಆಣೆ ಮಾಡಿ ಎಂದೆ, ನಕ್ಕರು. ಹಿಂದಿನಿಂದ ಕಾರುಗಳು ಹಾರ್ನು ಹೊಡೆಯತೊಡಗಿದವು, ಪೊಲೀಸಿನವನು ಮುಂದೆ ಹೋಗು ಎಂದು ಕೈ ಮಾಡಿದ. ನಾನು ಬಾಗಿಲು ಹಿಡಿದು ನಿಂತು, ಅವರ ಬೆನ್ನ ಹಿಂದೆ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ, ಬಂದ ಭಾಷೆಯಲ್ಲೆಲ್ಲ ಕೂಗುತ್ತಿದ್ದೆ. ಅವರು ತಿರುಗಿ ನೋಡಲಿಲ್ಲ. ಗಾಜಿನ ಬಾಗಿಲು ದಾಟುವಾಗ, ಹಿಂದೆ ಚಾಚಿದ ಕೈಯಲ್ಲಿ ತೋರುಬೆರಳು ಒಂದು ಸಲ ಮೇಲೆದ್ದಿತು.